ಇಂಗ್ಲೆಂಡಿನ ಪೌಂಡು, ರಾಯಚೂರಿನ ರೇಷನ್ನು: ಸಣ್ಣ ಚಾರಿಟಿಯ ದುಡ್ಡಿನ ಲೆಕ್ಕ ನೋಡಿಕೊಳ್ಳುವುದು ಹೇಗೆ?

ಫೆಬ್ರವರಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ರಾಯಚೂರು ಕಡೆಯಿಂದ ಫೋನ್ ಬಂತು. ನಮ್ಮ ಕೆಲಸ ನೋಡಿಕೊಳ್ಳುವ ಹುಡುಗ. "ಸರ್, ಇನ್ನೊಂದು ಮನಿ ಐತ್ರಿ. ಅಜ್ಜಿ, ಎರಡು ಮೊಮ್ಮಕ್ಕಳು. ಮಗ ಸೊಸಿ ಗುಳೆ ಹೋಗ್ಯಾರ. ಸೇರಿಸ್ಕೊಳ್ಳೋಣೇನ್ರಿ?" ನಮ್ಮ ಪಟ್ಟಿಯಲ್ಲಿ ಆಗಲೇ 40 ಕುಟುಂಬಗಳಿದ್ದವು. ಹೂಂ ಅನ್ನೋಕೆ ಎಷ್ಟು ಹೊತ್ತು? ಆದರೆ ನಾನು ಎರಡು ದಿನ ಕೇಳಿದೆ.

ಆ ಎರಡು ದಿನದಲ್ಲಿ ಏನು ಲೆಕ್ಕ ಹಾಕಿದೆ, ಅದಕ್ಕೆ ಮುಂಚೆ ಏನೇನು ಸರಿ ಮಾಡಿಟ್ಟುಕೊಂಡಿದ್ದೆವು ಅನ್ನೋದೇ ಈ ಬರಹ. ಇಂಗ್ಲೆಂಡಿನಲ್ಲಿ ನೆಲೆಸಿದ ಆರು ಮನೆಯವರು ಸೇರಿ ಮಾಡಿಕೊಂಡ ಸಣ್ಣ ಚಾರಿಟಿಗೆ ನಾನು ಖಜಾಂಚಿ. ಸಂಬಳವಿಲ್ಲ, ಬೈಗುಳ ಉಂಟು. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ ಅಂತ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರ ಮನೆಗಳಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರಲ್ಲ, ಅವರಿಗೆ ನಮ್ಮ ನೆರವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೆರವು ಸ್ವಲ್ಪವೇ ಆದರೂ ಆ ಮನೆಯವರು ಹೇಗೋ ಹೊಂದಿಸಿಕೊಳ್ಳುತ್ತಾರೆ. ಕೊಡುತ್ತೇವೆ ಅಂತ ಹೇಳಿ ಮಾರ್ಚ್‌ನಲ್ಲಿ ನಿಲ್ಲಿಸಿದರೆ ಅವರ ಇಡೀ ಬೇಸಿಗೆಯ ಲೆಕ್ಕವೇ ತಪ್ಪುತ್ತದೆ. ಕೆಳಗಿನ ಎಲ್ಲ ಕೂಡು-ಕಳೆಯುವಿಕೆಯೂ ಇದೊಂದನ್ನು ತಪ್ಪಿಸೋಕೆ.

ಹಂತ 1: ಚಾರಿಟಿ ಬೇಕೇ ಬೇಕಾ?

ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರದೇಶದಲ್ಲಿರುವವರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಊರಿನ ಟ್ರಸ್ಟ್‌ಗೆ ಕೊಟ್ಟರೆ ಅದು ಕಾನೂನಿನ ಲೆಕ್ಕದಲ್ಲಿ ವಿದೇಶಿ ದೇಣಿಗೆ ಅಲ್ಲ. ಗೆಳೆಯರ ಗುಂಪಿನಲ್ಲಿ ಎಲ್ಲರೂ ಹಾಗೇ ಇದ್ದರೆ ಸುಮ್ನೆ ಒಬ್ಬೊಬ್ಬರೇ ನೇರವಾಗಿ ಕೊಡಿ. ಅರ್ಧ ತಲೆನೋವು ಕಡಿಮೆ.

ಬ್ರಿಟಿಷ್ ಪೌರತ್ವ ತೆಗೆದುಕೊಂಡವರು, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಈ ಲೆಕ್ಕದಲ್ಲಿ ವಿದೇಶಿ ಮೂಲವೇ. ಬ್ರಿಟನ್ನಿನ ಚಾರಿಟಿಯೂ ಅಷ್ಟೇ. ಎಲ್ಲರ ದುಡ್ಡನ್ನು ಒಂದು ಚಾರಿಟಿಯ ಡಬ್ಬಕ್ಕೆ ಹಾಕಿದ ಮೇಲೆ ಅದು ಯಾರ ಜೇಬಿನಿಂದ ಬಂದಿದ್ದರೂ ವಿದೇಶಿ ದೇಣಿಗೆ ಆಗುತ್ತದೆ. ಮತ್ತೆ ಚಾರಿಟಿ ಯಾಕೆ ಅಂದರೆ ದೇಣಿಗೆಯ ಮೇಲೆ ಬ್ರಿಟನ್ನಿನ ತೆರಿಗೆ ಇಲಾಖೆ ಸೇರಿಸಿ ಕೊಡುವ ಗಿಫ್ಟ್ ಏಡ್‌ಗಾಗಿ, ಮತ್ತು ಗುರುತಿಲ್ಲದವರೂ ನಂಬಿ ಕೊಡಲಿ ಅಂತ.

ಹಂತ 2: ನೋಂದಣಿ, ಬ್ಯಾಂಕ್ ಖಾತೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷದ ಆದಾಯ 5,000 ಪೌಂಡ್ ದಾಟಿದರೆ ಚಾರಿಟಿ ಕಮಿಷನ್‌ನಲ್ಲಿ ನೋಂದಣಿ ಮಾಡಿಸಲೇಬೇಕು. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗೆ ಬೇರೆ ಬೇರೆ ಸಂಸ್ಥೆಗಳಿವೆ. ನಾವು ಆರಿಸಿಕೊಂಡದ್ದು ಸಿಐಒ (ಚಾರಿಟೆಬಲ್ ಇನ್‌ಕಾರ್ಪೊರೇಟೆಡ್ ಆರ್ಗನೈಸೇಷನ್) ಅನ್ನುವ ಮಾದರಿ. ಅದರಲ್ಲಿ ಆದಾಯ ಎಷ್ಟೇ ಇರಲಿ ನೋಂದಣಿ ಕಡ್ಡಾಯ, ಯಾಕೆಂದರೆ ನೋಂದಣಿಯಾದ ದಿನವೇ ಅದು ಹುಟ್ಟುವುದು.

ಇದಕ್ಕಿಂತ ಜಾಸ್ತಿ ಸತಾಯಿಸಿದ್ದು ಬ್ಯಾಂಕ್. ಹೊರದೇಶಕ್ಕೆ ಹಣ ಕಳಿಸುತ್ತೇವೆ ಅಂದ ಕೂಡಲೇ ಒಂದು ಬ್ಯಾಂಕು ಅದೇ ಕಾಗದಗಳನ್ನು ಮೂರು ಸಲ ಕೇಳಿ ನಾಲ್ಕು ತಿಂಗಳು ತೆಗೆದುಕೊಂಡಿತು. ಆದ್ದರಿಂದ ದೇಣಿಗೆಗೆ ಕರೆ ಕೊಡುವ ಮೊದಲೇ ಖಾತೆಗೆ ಅರ್ಜಿ ಹಾಕಿ. ಅಲ್ಲಿಯವರೆಗೆ ನನ್ನ ಖಾತೆಗೇ ಹಾಕಲಿ ಅಂತ ಮಾತ್ರ ಹೋಗಬೇಡಿ. ಆನ್‌ಲೈನ್ ಪಾವತಿಗೂ ಇಬ್ಬರ ಒಪ್ಪಿಗೆ ಬೇಕು ಅನ್ನುವ ವ್ಯವಸ್ಥೆ ಇರುವ ಖಾತೆಯನ್ನೇ ಕೇಳಿ. ಆ ಇಬ್ಬರು ಗಂಡ-ಹೆಂಡತಿ ಆಗಿರಬಾರದು.

ಲೆಕ್ಕದ ವರ್ಷ ಯಾವತ್ತು ಮುಗಿಯಬೇಕು ಅಂತ ನೀವೇ ಆರಿಸಿಕೊಳ್ಳಬಹುದು. ಮಾರ್ಚ್ 31 ಇಟ್ಟುಕೊಳ್ಳಿ. ಭಾರತದ ಸಂಸ್ಥೆಯ ವರ್ಷವೂ ಅಂದೇ ಮುಗಿಯುತ್ತದೆ, ಎರಡೂ ಕಡೆಯ ಪುಸ್ತಕ ತಾಳೆಯಾಗುತ್ತವೆ. ನಾವು ಮೊದಲು ಡಿಸೆಂಬರ್ ಇಟ್ಟುಕೊಂಡು ಒಂದು ವರ್ಷ ಒದ್ದಾಡಿದೆವು.

ಹಂತ 3: ಆ ಕಡೆ ಯಾರು ದುಡ್ಡು ತೆಗೆದುಕೊಳ್ಳುತ್ತಾರೆ?

ಇಲ್ಲಿ ಅವಸರ ಮಾಡಲೇಬೇಡಿ. ಭಾರತದಲ್ಲಿ ವಿದೇಶಿ ದೇಣಿಗೆಗೆ 2010ರ ಎಫ್‌ಸಿಆರ್‌ಎ ಕಾಯ್ದೆ ಇದೆ, 2020ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಹಣ ಪಡೆಯುವ ಸಂಸ್ಥೆ ಗೃಹ ಸಚಿವಾಲಯದಲ್ಲಿ ನೋಂದಣಿ ಆಗಿರಬೇಕು. ಸಾಮಾನ್ಯವಾಗಿ ಅದಕ್ಕೆ ಮೂರು ವರ್ಷದ ಇತಿಹಾಸ ಇರಬೇಕು, ಆ ಮೂರು ವರ್ಷದಲ್ಲಿ ತನ್ನ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿಯಾದರೂ ಖರ್ಚು ಮಾಡಿರಬೇಕು. ಹೊಸ ಸಂಸ್ಥೆಗೆ ಇನ್ನೊಂದು ದಾರಿ ಇದೆ: ಇಂಥ ದಾನಿಯಿಂದ, ಇಂಥ ಕೆಲಸಕ್ಕೆ, ಇಷ್ಟು ಹಣ ಅಂತ ಮುಂಚೆಯೇ ಅನುಮತಿ ಪಡೆಯುವುದು.

ನೋಂದಣಿಗೆ ಐದು ವರ್ಷದ ಆಯುಸ್ಸು. ಹಾಗಾಗಿ ಪ್ರಮಾಣಪತ್ರದ ಪ್ರತಿ ಕೇಳಿ, ಅದರಲ್ಲಿ ಮೊದಲು ನೋಡಬೇಕಾದ್ದು ಕೊನೆಯ ದಿನಾಂಕ. ನಾನು ಅದನ್ನು ಮನೆಯ ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇನೆ, ಗ್ಯಾಸ್ ಬಿಲ್ಲಿನ ಪಕ್ಕ.

ಹಣ ಮೊದಲು ಹೋಗಬೇಕಾದ್ದು ದಿಲ್ಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್‌ನ ಮುಖ್ಯ ಶಾಖೆಗೆ. ಅಲ್ಲಿ ಆ ಸಂಸ್ಥೆಗೆ ಎಫ್‌ಸಿಆರ್‌ಎ ಖಾತೆ ಇರಬೇಕು. ಅಲ್ಲಿಂದ ಊರಿನ ಬ್ಯಾಂಕಿನ ಬಳಕೆ ಖಾತೆಗೆ ವರ್ಗ ಮಾಡಿಕೊಳ್ಳಬಹುದು. ರಾಯಚೂರಿನ ಖಾತೆ ಸಂಖ್ಯೆ ಕೊಟ್ಟು "ಇದಕ್ಕೇ ಹಾಕಿ ಸರ್" ಅಂದರೆ ಹಾಕಬೇಡಿ.

ಇನ್ನೊಂದು ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. 2020ರ ತಿದ್ದುಪಡಿ ಆದ ಮೇಲೆ, ಬಂದ ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವ ಹಾಗಿಲ್ಲ, ಇಬ್ಬರಿಗೂ ನೋಂದಣಿ ಇದ್ದರೂ. ಗೆಳೆಯರ ಟ್ರಸ್ಟ್‌ಗೆ ನೋಂದಣಿ ಇದೆ, ಅವರ ಮೂಲಕ ಊರಿನ ಸಂಘಕ್ಕೆ ಕೊಡಿಸೋಣ ಅನ್ನುವ ಜಾಣತನ ನಡೆಯುವುದಿಲ್ಲ. ಕಿಟ್ ಕೊಳ್ಳುವುದು, ಹಂಚುವುದು ಎಲ್ಲ ಆ ಸಂಸ್ಥೆಯೇ ಮಾಡಬೇಕು. ಅಮ್ಮನ ಖಾತೆಗೆ ಹಾಕಿ ಹಂಚಿಸುವುದಂತೂ ಬೇಡವೇ ಬೇಡ. ಪಾಪ, ಅವರನ್ನು ಯಾಕೆ ಸಿಕ್ಕಿಸುತ್ತೀರಿ?

ಆಡಳಿತ ಖರ್ಚಿಗೆ ಮಿತಿ ಇದೆ. ಬಂದ ವಿದೇಶಿ ದೇಣಿಗೆಯಲ್ಲಿ ಶೇ. 20ಕ್ಕಿಂತ ಜಾಸ್ತಿ ಅದಕ್ಕೆ ಹೋಗುವಂತಿಲ್ಲ. ಯಾವ ಸಂಬಳ ಆಡಳಿತ, ಯಾವುದು ಕಾರ್ಯಕ್ರಮದ ಖರ್ಚು ಅಂತ ಅವರ ಆಡಿಟರ್ ಹತ್ತಿರ ಮೊದಲೇ ಬರೆಸಿಕೊಳ್ಳಿ.

ನಮ್ಮ ಟ್ರಸ್ಟಿ ಒಬ್ಬರ ಸೋದರಮಾವ ಆ ಸಂಸ್ಥೆಯ ಸಮಿತಿಯಲ್ಲಿದ್ದಾರೆ. ತಪ್ಪೇನಿಲ್ಲ. ಆದರೆ ಹಣ ಮಂಜೂರು ಮಾಡುವ ಹೊತ್ತಿಗೆ ಆ ಟ್ರಸ್ಟಿ ಎದ್ದು ಹೊರಗೆ ಹೋಗುತ್ತಾರೆ, ಹೋದರು ಅಂತ ನಡಾವಳಿಯಲ್ಲಿ ಬರೆಯುತ್ತೇವೆ. ಮೊದಲ ಸಲ ಅವರಿಗೆ ಬೇಜಾರಾಗಿತ್ತು. ಈಗ ಆ ಹೊತ್ತಿಗೆ ಎಲ್ಲರಿಗೂ ಚಹಾ ಮಾಡಿಕೊಂಡು ಬರುತ್ತಾರೆ.

ಹಂತ 4: ಬಜೆಟ್ ಕುಟುಂಬದಿಂದ ಶುರುವಾಗಲಿ

"ನಮ್ಮ ಹತ್ತಿರ ಎಷ್ಟಿದೆ, ಏನು ಮಾಡೋಣ?" ಅಂತ ಶುರು ಮಾಡಿದರೆ ಲೆಕ್ಕ ಹಳ್ಳ ಹಿಡಿಯುತ್ತದೆ. ಒಂದು ಮನೆಗೆ ಒಂದು ವರ್ಷಕ್ಕೆ ಏನು ಬೇಕು ಅಂತ ರೂಪಾಯಿಯಲ್ಲಿ ಬರೆಯಿರಿ, ಪೌಂಡ್ ಆಮೇಲೆ.

ಸರ್ಕಾರ ಈಗಾಗಲೇ ಏನು ಕೊಡುತ್ತಿದೆ ಅಂತ ಮೊದಲು ನೋಡಿ. ಅನ್ನಭಾಗ್ಯದ ಅಕ್ಕಿ ಬರುತ್ತದೆ, ಹಾಗಾಗಿ ನಮ್ಮ ಕಿಟ್‌ನಲ್ಲಿ ಅಕ್ಕಿ ಇಲ್ಲ. ತೊಗರಿಬೇಳೆ, ಎಣ್ಣೆ, ಶೇಂಗಾ, ಬೆಲ್ಲ, ಸೋಪು, ಜೊತೆಗೆ ಜೋಳ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಸಿಗುತ್ತದೆ. ನಾವು ಮೊದಲ ವರ್ಷ ಸಮವಸ್ತ್ರ ಹೊಲಿಸಿಬಿಟ್ಟಿದ್ದೆವು! ಈಗ ನೋಟ್‌ಬುಕ್, ಬ್ಯಾಗು, ಓಡಾಟದ ಖರ್ಚು ಅಷ್ಟೇ.

ನಮ್ಮ ಲೆಕ್ಕವನ್ನು ಉದಾಹರಣೆಗೆ ಅಂತ ಸ್ವಲ್ಪ ದುಂಡು ಮಾಡಿ ಕೊಡುತ್ತೇನೆ. ಡಿಸೆಂಬರ್‌ನಿಂದ ಮೇವರೆಗೆ ಆರು ತಿಂಗಳು, ತಿಂಗಳಿಗೆ 2,000 ರೂಪಾಯಿಯ ರೇಷನ್ ಅಂದರೆ 12,000. ಜೂನ್‌ನಲ್ಲಿ ಶಾಲೆ ಖರ್ಚಿಗೆ 5,000. ಆಸ್ಪತ್ರೆ ಖರ್ಚಿಗೆ ಮನೆಗೆ 1,000ದಂತೆ ಎಲ್ಲರಿಗೂ ಸೇರಿ ಒಂದು ಗಂಟು. ಒಂದು ಮನೆಗೆ 18,000 ಆಯಿತು. 40 ಮನೆಗೆ 7,20,000.

ಇದಕ್ಕೆ ಓಡಾಡುವ ಹುಡುಗನ ಅರ್ಧ ದಿನದ ಸಂಬಳ ಸೇರಿಸಿ: ತಿಂಗಳಿಗೆ 8,000, ವರ್ಷಕ್ಕೆ 96,000. ಪೆಟ್ರೋಲ್, ಫೋನ್, ಆಡಿಟ್ ಪಾಲು 24,000. ಒಟ್ಟು 8,40,000. ಸಂಬಳ, ಓಡಾಟ ಎಲ್ಲವನ್ನೂ ಆಡಳಿತ ಅಂತಲೇ ಎಣಿಸಿದರೂ ಶೇ. 14ರ ಆಸುಪಾಸು ಬರುತ್ತದೆ. ಆ ಹುಡುಗನಿಗೆ ಸಂಬಳ ಯಾಕೆ, ಸೇವೆ ಅಂತ ಮಾಡಬಾರದಾ ಅಂತ ದಾನಿಗಳು ಕೇಳುತ್ತಾರೆ. ಬಿಸಿಲಲ್ಲಿ ಬೈಕ್ ಹೊಡೆದುಕೊಂಡು 40 ಮನೆ ಸುತ್ತುವವನು ಊಟ ಮಾಡಬೇಕಲ್ವಾ? ಇದನ್ನು ಬಜೆಟ್‌ನಲ್ಲಿ ಮುಚ್ಚಿಡಬೇಡಿ, ಎದ್ದು ಕಾಣುವ ಹಾಗೆ ಬರೆಯಿರಿ.

ಈಗ ಪೌಂಡಿಗೆ ತಿರುಗಿಸಿ. ಇವತ್ತು ಒಂದು ಪೌಂಡಿಗೆ 110 ರೂಪಾಯಿ ಸಿಗುತ್ತಿದೆ ಅಂದುಕೊಳ್ಳೋಣ. ಬಜೆಟ್‌ನಲ್ಲಿ 105 ಹಾಕಿ. 8,40,000 ಭಾಗಿಸು 105 ಅಂದರೆ 8,000 ಪೌಂಡ್. ದರ 110ರಲ್ಲೇ ನಿಂತರೆ 7,636 ಸಾಕು, ಉಳಿದದ್ದು ಮೀಸಲಿಗೆ. 100ಕ್ಕೆ ಇಳಿದರೆ 8,400 ಬೇಕು, ಆ 400 ಎಲ್ಲಿಂದ ಅಂತ ಇವತ್ತೇ ಗೊತ್ತಿರಬೇಕು. ಕುಟುಂಬಕ್ಕೆ ಮಾತು ಕೊಡುವುದು ರೂಪಾಯಿಯಲ್ಲೇ. ದರದ ಏರಿಳಿತವನ್ನು ಹೊರಬೇಕಾದ್ದು ನಾವು, ಅಜ್ಜಿಯಲ್ಲ.

ಇಂಗ್ಲೆಂಡಿನ ಕಡೆ ವಿಮೆ, ವೆಬ್‌ಸೈಟ್, ಹಣ ಕಳಿಸುವ ಶುಲ್ಕ ಎಲ್ಲ ಸೇರಿ 400 ಪೌಂಡ್. ಹಾಗಾದರೆ ವರ್ಷಕ್ಕೆ ಬೇಕಾದ್ದು 8,400.

ಹಂತ 5: ಬರುವ ದುಡ್ಡು, ಗಿಫ್ಟ್ ಏಡ್

ನಮಗೆ ಪ್ರತಿ ತಿಂಗಳು ತಾನಾಗೇ 15 ಪೌಂಡ್ ಬರುವ ಹಾಗೆ ಬ್ಯಾಂಕಿಗೆ ಹೇಳಿಟ್ಟವರು 30 ಜನ. ವರ್ಷಕ್ಕೆ 5,400. ದೀಪಾವಳಿ ಕರೆಗೆ ಬರುವುದು ಸುಮಾರು 1,800. ಈ ಎರಡರಲ್ಲಿ ನಾನು ಕಣ್ಣಿಟ್ಟು ಕಾಯುವುದು ಮೊದಲನೆಯದನ್ನು. ದೀಪಾವಳಿಯ ದುಡ್ಡು ಮಳೆ ಇದ್ದ ಹಾಗೆ, ತಿಂಗಳ ದುಡ್ಡು ಬಾವಿ.

ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಒಂದು ಘೋಷಣಾ ಪತ್ರ ತುಂಬಿದರೆ, ಅವರು ಕೊಟ್ಟ ಪ್ರತಿ ಪೌಂಡಿಗೆ ಎಚ್‌ಎಂಆರ್‌ಸಿ, ಅಂದರೆ ಅಲ್ಲಿನ ತೆರಿಗೆ ಇಲಾಖೆ, 25 ಪೆನ್ನಿ ಸೇರಿಸುತ್ತದೆ. ಅದೇ ಗಿಫ್ಟ್ ಏಡ್. ಕಮಿಷನ್‌ನಲ್ಲಿ ನೋಂದಣಿ ಆಯಿತು ಅಂದರೆ ಇದೂ ಬಂತು ಅಂತಲ್ಲ, ಎಚ್‌ಎಂಆರ್‌ಸಿಗೆ ಬೇರೆ ಅರ್ಜಿ ಹಾಕಬೇಕು. ನಮ್ಮ 30 ಜನರಲ್ಲಿ 24 ಜನ ಪತ್ರ ಕೊಟ್ಟಿದ್ದಾರೆ. ಅವರ 4,320ಕ್ಕೆ 1,080 ಪೌಂಡ್. ದೀಪಾವಳಿಯ 1,800ರಲ್ಲಿ ಪತ್ರ ಇರುವ 1,200ಕ್ಕೆ 300. ಒಟ್ಟು ಆದಾಯ 8,580.

ದಾನಿ ಆ ವರ್ಷ ಕಟ್ಟಿದ ತೆರಿಗೆ ನಾವು ಕೇಳುವ ಮೊತ್ತಕ್ಕಿಂತ ಕಡಿಮೆ ಇರಬಾರದು. ಕೆಲಸ ಬಿಟ್ಟವರು, ಓದುತ್ತಿರುವವರು ಹೇಳುವುದನ್ನು ಮರೆಯುತ್ತಾರೆ, ಹಾಗಾಗಿ ಏಪ್ರಿಲ್‌ನಲ್ಲಿ ಎಲ್ಲರಿಗೂ ಒಂದು ಸಂದೇಶ ಹಾಕುತ್ತೇನೆ. ಹಳೆಯ ದೇಣಿಗೆಗೂ ನಾಲ್ಕು ವರ್ಷದ ಒಳಗೆ ಕೇಳಬಹುದು. ಡಬ್ಬಕ್ಕೆ ಬಿದ್ದ ನಗದಿಗೆ, 30 ಪೌಂಡ್ ಅಥವಾ ಅದಕ್ಕಿಂತ ಕಡಿಮೆಯ ಸಣ್ಣ ದೇಣಿಗೆಗಳಿಗೆ ಬೇರೊಂದು ಯೋಜನೆ ಇದೆ. ಅದಕ್ಕೆ ಘೋಷಣಾ ಪತ್ರ ಬೇಡ, ವರ್ಷಕ್ಕೆ 8,000 ಪೌಂಡ್ ದೇಣಿಗೆಯವರೆಗೆ ಕೇಳಬಹುದು.

ಊಟದ ಟಿಕೆಟ್ ದೇಣಿಗೆ ಅಲ್ಲ. ಇದನ್ನು ನಾನು ಕಷ್ಟಪಟ್ಟು ಕಲಿತೆ. ದೀಪಾವಳಿ ಊಟಕ್ಕೆ 20 ಪೌಂಡ್ ಟಿಕೆಟ್ ಇಟ್ಟು, ಅದನ್ನೂ ಗಿಫ್ಟ್ ಏಡ್ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ಬಿಸಿಬೇಳೆಬಾತ್ ತಿಂದು ಹೋದವರು ಕೊಟ್ಟದ್ದು ಊಟದ ಬೆಲೆ ತಾನೇ? ಗೊತ್ತಾದ ಮೇಲೆ ನಾವೇ ಎಚ್‌ಎಂಆರ್‌ಸಿಗೆ ತಿಳಿಸಿ ವಾಪಸ್ ಕೊಟ್ಟೆವು. ಈಗ ಟಿಕೆಟ್ ಬೇರೆ, ದೇಣಿಗೆಯ ಲಕೋಟೆ ಬೇರೆ.

ಹಂತ 6: ಹೆಸರಿಟ್ಟ ದುಡ್ಡು, ಮೀಸಲು ದುಡ್ಡು

"ಮಕ್ಕಳ ಶಾಲೆ ಬ್ಯಾಗಿಗೆ ಕೊಡಿ" ಅಂತ ಕೇಳಿ ತೆಗೆದುಕೊಂಡ ದುಡ್ಡು ಬ್ಯಾಗಿಗೇ ಹೋಗಬೇಕು. ಇಂಗ್ಲೆಂಡಿನ ಕಾನೂನಿನಲ್ಲಿ ಅದನ್ನು ಬೇರೆಯದಕ್ಕೆ ಮುಟ್ಟುವಂತಿಲ್ಲ. ಒಮ್ಮೆ ನಮ್ಮ ಕರೆಗೆ ಬೇಕಾದ್ದಕ್ಕಿಂತ 600 ಪೌಂಡ್ ಜಾಸ್ತಿ ಬಂತು. ಅದೇ ತಿಂಗಳು ರೇಷನ್‌ಗೆ ಕೊರತೆ. ಒಂದೇ ಖಾತೆಯಲ್ಲಿ ದುಡ್ಡಿದೆ, ಮುಟ್ಟುವ ಹಾಗಿಲ್ಲ! ಆಮೇಲಿಂದ ಪ್ರತಿ ಕರೆಯ ಕೆಳಗೆ ಒಂದು ಸಾಲು ಹಾಕುತ್ತೇವೆ: "ಈ ಕೆಲಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಬಂದರೆ ಇದೇ ಕುಟುಂಬಗಳ ಬೇರೆ ಅಗತ್ಯಗಳಿಗೆ ಬಳಸುತ್ತೇವೆ." ನಾನು ಕಲಿತದ್ದರಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಸಾಲು ಇನ್ನೊಂದಿಲ್ಲ.

ಮೀಸಲು ಎಷ್ಟಿರಬೇಕು? ಮೂರು ತಿಂಗಳ ಖರ್ಚು, ಆರು ತಿಂಗಳ ಖರ್ಚು ಅಂತೆಲ್ಲ ಹೇಳುತ್ತಾರೆ. ನಾವು ಗುಳೆಯ ಒಂದು ಸುತ್ತನ್ನೇ ಅಳತೆ ಮಾಡಿಕೊಂಡೆವು. ನಾಳೆಯಿಂದ ಒಂದು ಪೆನ್ನಿ ಬರದಿದ್ದರೂ ಮೇವರೆಗಿನ ರೇಷನ್ ನಿಲ್ಲಬಾರದು. 40 ಮನೆ, ತಲಾ 12,000, ಅಂದರೆ 4,80,000 ರೂಪಾಯಿ. ಸುಮಾರು 4,600 ಪೌಂಡ್. ಅಷ್ಟು ಕೂಡಿಸೋಕೆ ಮೂರು ವರ್ಷ ಹಿಡಿಯಿತು. ಇಷ್ಟು ದುಡ್ಡು ಸುಮ್ನೆ ಯಾಕೆ ಬಿದ್ದಿದೆ ಅಂತ ಕೇಳುವ ದಾನಿಗೆ ಈ ಲೆಕ್ಕವನ್ನೇ ತೋರಿಸುತ್ತೇನೆ.

ಹಂತ 7: ಕಳಿಸುವುದು

ವರ್ಷಕ್ಕೆ ಎರಡೇ ಸಲ ಕಳಿಸುತ್ತೇವೆ. ನವೆಂಬರ್ ಮೊದಲ ವಾರ ರೇಷನ್‌ಗೆ, ಮೇ ಮೊದಲ ವಾರ ಶಾಲೆಗೆ. ತಿಂಗಳು ತಿಂಗಳು ಕಳಿಸಿದರೆ ಶುಲ್ಕವೇ ತಿನ್ನುತ್ತದೆ. ಕಳಿಸುವ ಮುಂಚೆ ಎರಡು ಪುಟದ ಒಪ್ಪಂದ: ಎಷ್ಟು, ಯಾವುದಕ್ಕೆ, ಲೆಕ್ಕ ಯಾವಾಗ ಕೊಡಬೇಕು, ಉಳಿದರೆ ಏನು, ನಾವು ಬಂದು ಪುಸ್ತಕ ನೋಡಬಹುದಾ. ಇದು ಬರೀ ಶಿಷ್ಟಾಚಾರ ಅಲ್ಲ. ಹೊರದೇಶಕ್ಕೆ ಕೊಟ್ಟ ಹಣ ಒಳ್ಳೆಯ ಕೆಲಸಕ್ಕೇ ಹೋಯಿತು ಅಂತ ಖಾತ್ರಿ ಮಾಡಿಕೊಳ್ಳೋಕೆ ನೀವು ಏನು ಮಾಡಿದಿರಿ ಅಂತ ಎಚ್‌ಎಂಆರ್‌ಸಿ ಕೇಳಬಹುದು. ತೋರಿಸೋಕೆ ಆಗದಿದ್ದರೆ ಆ ಮೊತ್ತದ ತೆರಿಗೆ ರಿಯಾಯಿತಿ ಹೋಗಬಹುದು.

ಬ್ಯಾಂಕಿನ ಫಾರಂನಲ್ಲಿ ಶುಲ್ಕ ಯಾರು ಕೊಡುತ್ತಾರೆ ಅನ್ನುವ ಜಾಗದಲ್ಲಿ "ಕಳಿಸುವವರು" ಅಂತ ಗುರುತು ಹಾಕಿ. ಇಲ್ಲದಿದ್ದರೆ ನಡುವಿನ ಬ್ಯಾಂಕುಗಳು ಅಷ್ಟಿಷ್ಟು ಕಡಿದು, ಅಲ್ಲಿಗೆ ತಲುಪುವ ಅಂಕಿ ನಿಮ್ಮ ಪುಸ್ತಕದ ಅಂಕಿಗೆ ಹೊಂದುವುದೇ ಇಲ್ಲ. ಎರಡು ಮೂರು ಕಡೆ ದರ ಕೇಳಿ. ಶುಲ್ಕವೇ ಇಲ್ಲ ಅನ್ನುವವರು ಸಾಮಾನ್ಯವಾಗಿ ದರದಲ್ಲಿ ಕತ್ತರಿ ಹಾಕುತ್ತಾರೆ, ಆದ್ದರಿಂದ ಒಂದೇ ಪ್ರಶ್ನೆ: "ಇಷ್ಟು ಪೌಂಡ್ ಕೊಟ್ಟರೆ ದಿಲ್ಲಿ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?" ಹೊಸ ಖಾತೆಗೆ ಮೊದಲು 50 ಪೌಂಡ್ ಕಳಿಸಿ, ತಲುಪಿದ ಕಾಗದ ಬಂದ ಮೇಲೆ ಉಳಿದದ್ದು.

ಹಂತ 8: ತಲುಪಿತಾ?

ನಾನು ಊರಿಗೆ ಹೋದಾಗ ಒಂದು ದಿನ ಹಂಚಿಕೆಯ ರಿಜಿಸ್ಟರ್ ಹಿಡಿದುಕೊಂಡು ಕೂತಿದ್ದೆ. ಉದ್ದನೆಯ ಹಳೆಯ ಕಾಲದ ಪುಸ್ತಕ. ಜನವರಿ ಪುಟದಲ್ಲಿ 40 ಹೆಸರು, 40 ಗುರುತು. ಅರ್ಧದಷ್ಟು ನೀಲಿ ಹೆಬ್ಬೆಟ್ಟು, ಅರ್ಧ ಸಹಿ. 17ನೇ ಸಾಲಿನಲ್ಲಿ ದುಂಡಗಿನ ಅಕ್ಷರದಲ್ಲಿ ಸಹಿ ಇತ್ತು. ಆ ಮನುಷ್ಯ ಡಿಸೆಂಬರ್‌ನಲ್ಲೇ ಪುಣೆಗೆ ಹೋಗಿದ್ದ.

ಎದೆ ಧಸಕ್ ಅಂತು. ಮನೆಗೆ ಹೋಗಿ ಕೇಳಿದರೆ ಅವನ ತಾಯಿ ಹೇಳಿದರು: "ಅವ ಊರಾಗ ಇಲ್ಲರಿ. ನನಗ ಸಹಿ ಬರಂಗಿಲ್ಲ, ಬಾಜೂಮನಿ ಹುಡುಗ ಅವನ ಹೆಸರು ಬರದ. ಬ್ಯಾಳಿ ಎಣ್ಣಿ ಎಲ್ಲಾ ಬಂದೈತ್ರಿ." ಒಳಗೆ ಕರೆದು ಡಬ್ಬಿ ತೆರೆದೂ ತೋರಿಸಿದರು.

ಕಳ್ಳತನ ಆಗಿರಲಿಲ್ಲ. ಆದರೆ ನಮ್ಮ ರಿಜಿಸ್ಟರ್ ಸುಳ್ಳು ಹೇಳುತ್ತಿತ್ತು. ಮನೆಯ ಯಜಮಾನನ ಹೆಸರಿಗೆ ಒಂದೇ ಅಂಕಣ ಇಟ್ಟದ್ದು ನಮ್ಮ ತಪ್ಪು. ಈಗ "ಯಾರ ಕೈಗೆ ಕೊಟ್ಟದ್ದು" ಅಂತ ಇನ್ನೊಂದು ಅಂಕಣ ಇದೆ, ಹೆಬ್ಬೆಟ್ಟಿನ ಪಕ್ಕ ಸಾಕ್ಷಿಯ ಸಹಿ ಇದೆ. ಅಂಗಡಿಯ ಬಿಲ್ಲಿನಲ್ಲಿ ಬರೀ "40 ಕಿಟ್" ಅಂತ ಬರೆದರೆ ಒಪ್ಪುವುದಿಲ್ಲ, ಬೇಳೆ ಎಷ್ಟು ಕೆಜಿ, ಯಾವ ದರ ಅಂತ ಬೇಕು. ಕಂತು ಮುಗಿದ ಮೇಲೆ ಐದು ಮನೆಗೆ ನಾವೇ ಫೋನ್ ಮಾಡುತ್ತೇವೆ. ಯಾವ ಐದು ಅಂತ ಚೀಟಿ ಎತ್ತುತ್ತೇವೆ. ಫೋಟೋ ಮಾತ್ರ ಕೇಳುವುದಿಲ್ಲ. ಒಂದು ಚೀಲ ಬೇಳೆ ಹಿಡಿದು ಕ್ಯಾಮೆರಾ ಮುಂದೆ ನಿಲ್ಲುವುದು ಯಾರಿಗೂ ಇಷ್ಟವಾಗುವ ಕೆಲಸ ಅಲ್ಲ.

ಹಂತ 9: ಪುಸ್ತಕ, ವರ್ಷದ ಕೊನೆ

ಸಾಫ್ಟ್‌ವೇರ್ ಬೇಕಿಲ್ಲ. ಒಂದು ಸ್ಪ್ರೆಡ್‌ಶೀಟ್ ಸಾಕು: ದಿನಾಂಕ, ಯಾರಿಂದ ಅಥವಾ ಯಾರಿಗೆ, ಬಂದದ್ದು, ಹೋದದ್ದು, ಯಾವ ನಿಧಿ, ಗಿಫ್ಟ್ ಏಡ್ ಇದೆಯಾ, ರಸೀದಿ ಸಂಖ್ಯೆ. ಕಂಪನಿ ಅಲ್ಲದ ಸಣ್ಣ ಚಾರಿಟಿಗಳಿಗೆ ಬಂದದ್ದು-ಹೋದದ್ದರ ಸರಳ ಲೆಕ್ಕವನ್ನೇ ಒಪ್ಪುತ್ತಾರೆ. ತಿಂಗಳ ಮೊದಲ ಭಾನುವಾರ ನಾನು ಮತ್ತು ಇನ್ನೊಬ್ಬ ಟ್ರಸ್ಟಿ ಅರ್ಧ ಗಂಟೆ ಕೂತು ಬ್ಯಾಂಕಿನ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುತ್ತೇವೆ. ಒಂದು ಸಲ ತಪ್ಪಿಸಿದರೆ ಮುಂದಿನ ಸಲ ಎರಡು ಗಂಟೆ ಬೇಕು.

ವರ್ಷ ಮುಗಿದ ಹತ್ತು ತಿಂಗಳ ಒಳಗೆ ಕಮಿಷನ್‌ಗೆ ವಾರ್ಷಿಕ ವಿವರ ಹೋಗಬೇಕು. ಯಾವ ದೇಶದಲ್ಲಿ ಎಷ್ಟು ಖರ್ಚು, ಬ್ಯಾಂಕ್ ಬಿಟ್ಟು ಬೇರೆ ದಾರಿಯಲ್ಲಿ ಹಣ ಕಳಿಸಿದಿರಾ ಅಂತೆಲ್ಲ ಅದರಲ್ಲಿ ಕೇಳುತ್ತಾರೆ. ತಡ ಮಾಡಿದರೆ ನಿಮ್ಮ ಹೆಸರಿನ ಮುಂದೆ ಎಲ್ಲರಿಗೂ ಕಾಣುವ ಹಾಗೆ ಬರುತ್ತದೆ. ಹೊರಗಿನವರಿಂದ ಲೆಕ್ಕ ಪರಿಶೀಲನೆ ಯಾವ ಆದಾಯದಿಂದ ಕಡ್ಡಾಯ ಅನ್ನುವ ಮಿತಿ ಬದಲಾಗುತ್ತಿರುತ್ತದೆ, ಆಯಾ ವರ್ಷದ್ದನ್ನು ಕಮಿಷನ್ ತಾಣದಲ್ಲಿ ನೋಡಿಕೊಳ್ಳಿ. ನಮ್ಮಷ್ಟು ಸಣ್ಣವರಿಗೆ ಕಾನೂನು ಕೇಳುವುದಿಲ್ಲ, ಆದರೂ ಲೆಕ್ಕ ಗೊತ್ತಿರುವ ಪಕ್ಕದ ಊರಿನವರೊಬ್ಬರಿಂದ ಮಾಡಿಸುತ್ತೇವೆ.

ಮಾರ್ಚ್ 31ಕ್ಕೆ ವರ್ಷ ಮುಗಿದರೆ ನಮ್ಮ ಗಡುವು ಜನವರಿ 31. ಭಾರತದ ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯ ವಾರ್ಷಿಕ ಲೆಕ್ಕವಾದ ಎಫ್‌ಸಿ-4 ವಿವರವನ್ನು ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಅಂದರೆ ನಮ್ಮದನ್ನು ಕಳಿಸುವ ಮೊದಲೇ ಅವರದು ಕೈಗೆ ಬರುತ್ತದೆ. ಅವರು ಬರೆದ ರೂಪಾಯಿ, ನಮ್ಮ ಎರಡು ಕಂತಿನ ಬ್ಯಾಂಕ್ ಕಾಗದದ ರೂಪಾಯಿ ಒಂದೇ ಇರಬೇಕು. ಒಂದೇ ಇಲ್ಲದಿದ್ದರೆ ಸಲ್ಲಿಸುವ ಮುಂಚೆ ಫೋನ್ ಮಾಡಿ.

ಹಂತ 10: 41ನೇ ಮನೆ

ಈಗ ಆ ಫೆಬ್ರವರಿ ಶನಿವಾರಕ್ಕೆ ಬರೋಣ. ಆದಾಯ 8,580, ಖರ್ಚು 8,400. ಉಳಿಯುವುದು 180 ಪೌಂಡ್. ಒಂದು ಮನೆಗೆ 18,000 ರೂಪಾಯಿ ಅಂದರೆ 171 ಪೌಂಡ್. ಹಾಗೆ ನೋಡಿದರೆ ಆಗುತ್ತದೆ! ಒಂಬತ್ತು ಪೌಂಡ್ ಉಳಿಯುತ್ತದೆ ಕೂಡ. ನಮ್ಮ ಸಭೆಯಲ್ಲಿ ಇಬ್ಬರು ಹಾಗೇ ಅಂದರು.

ಆದರೆ ಹೊಸ ಮನೆ ಬಂದರೆ ಅದರ ಪಾಲಿನ ಮೀಸಲೂ ಬೇಕು: 12,000 ರೂಪಾಯಿ, 114 ಪೌಂಡ್. ಎರಡೂ ಸೇರಿ ಮೊದಲ ವರ್ಷಕ್ಕೆ 285. ತಿಂಗಳಿಗೆ 15 ಪೌಂಡ್ ಕೊಡುವ ಹೊಸ ದಾನಿ ಒಬ್ಬರು, ಗಿಫ್ಟ್ ಏಡ್ ಸೇರಿ, ವರ್ಷಕ್ಕೆ 225 ಆಗುತ್ತಾರೆ. ಒಬ್ಬರು ಸಾಲದು, ಇಬ್ಬರು ಬೇಕು. ಆ 180ನ್ನು ಯಾಕೆ ಮುಟ್ಟಲಿಲ್ಲ ಅಂದರೆ ದರ 100ಕ್ಕೆ ಇಳಿದರೆ ಅದೇ ಮೊದಲು ಹೋಗುವುದು.

ಭಾನುವಾರ ಸಂಜೆ ಕನ್ನಡ ಗುಂಪಿನಲ್ಲಿ ಈ ಅಂಕಿಗಳನ್ನೇ ಹಾಕಿದೆ, ಅಜ್ಜಿಯ ಕಥೆ ಏನೂ ಬರೆಯಲಿಲ್ಲ. ರಾತ್ರಿಯೊಳಗೆ ಒಬ್ಬರು ಒಪ್ಪಿದರು. ಎರಡನೆಯವರು ಸಿಕ್ಕಿದ್ದು ಬುಧವಾರ. ಅಂದೇ ರಾಯಚೂರಿಗೆ ಫೋನ್ ಮಾಡಿದೆ, ಹುಡುಗ ರಿಜಿಸ್ಟರ್‌ನಲ್ಲಿ 41 ಅಂತ ಬರೆದು ಎರಡು ಅಂಕಣವನ್ನೂ ತುಂಬಿದ. ಒಂದರಲ್ಲಿ ಮಗನ ಹೆಸರು, ಇನ್ನೊಂದರಲ್ಲಿ ಅಜ್ಜಿಯದು.